ಹೇಳಿದ್ದನ್ನೇ ಹೇಳಿಸಬೇಡಿ

ಬೆಂಗಳೂರಿನಿಂದ ಸೇಲಂ ಕಡೆ ಹೊರಟರೆ ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಲಾರಿಗಳಿಂದ ಕೆಟ್ಟ ಹೆಸರು ಪಡೆದ ರಸ್ತೆ. ಇಲ್ಲಿ ಗಾಡಿ ಉರುಳಿದರೆ 108ಕ್ಕೆ ಕರೆ ಮಾಡಬೇಕೆಂದು ದಾರಿಹೋಕರಿಗೂ ಗೊತ್ತು. ಆದರೆ ಯಾವುದೋ ಮನೆಯೊಳಗೆ, ನಂಬಿದವರ ಕೈಯಿಂದಲೇ ಮಗುವಿಗೆ ಪೆಟ್ಟಾದರೆ? ಸದ್ದಿಲ್ಲದ ಆ ಅಪಘಾತಕ್ಕೂ ಒಂದು ಸಂಖ್ಯೆಯಿದೆ: 1098.

1996ರಲ್ಲಿ ಜೆರೂ ಬಿಲಿಮೋರಿಯಾ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಬೀದಿಮಕ್ಕಳಿಗಾಗಿ ಶುರುಮಾಡಿದ ಸಹಾಯವಾಣಿ ಇದು. ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸಿದರೆ ಸಾಕು, ಓದು ಬಾರದ ಮಗುವಿಗೂ ನೆನಪಿರುತ್ತದೆ. ಆದರೆ ಕರೆ ಬರೀ ಹೊಸ್ತಿಲು. ಅಲ್ಲಿಂದಾಚೆ ಮಗುವನ್ನು ಯಾರು, ಹೇಗೆ ಕೈಹಿಡಿದು ನಡೆಸುತ್ತಾರೆ ಎಂಬುದೇ ಮುಖ್ಯ.

ಹಳೆಯ ದಾರಿ ಹೀಗಿತ್ತು: ಅಮ್ಮನಿಗೆ ಹೇಳಿದ್ದನ್ನು ಟೀಚರಿಗೆ ಹೇಳಬೇಕು, ಆಮೇಲೆ ಪೊಲೀಸರಿಗೆ, ಡಾಕ್ಟರಿಗೆ, ಕೊನೆಗೆ ಕೋರ್ಟಿನಲ್ಲಿ. ಪ್ರತಿ ಸಲವೂ ಮೊದಲಿನಿಂದ. ಗಾಯವನ್ನು ಕೆದಕುವ ಈ ಕ್ರಮ ತಪ್ಪಿಸಲು 1985ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಒಂದು ಕೇಂದ್ರ ಹುಟ್ಟಿತು. ಅಲ್ಲಿ ಮಗು ಕಚೇರಿಯಿಂದ ಕಚೇರಿಗೆ ಅಲೆಯುವುದಿಲ್ಲ, ಕಚೇರಿಗಳೇ ಮಗುವಿದ್ದಲ್ಲಿಗೆ ಬರುತ್ತವೆ. 1998ರಲ್ಲಿ ಐಸ್‌ಲ್ಯಾಂಡ್ ಇದೇ ಬಗೆಯ ಕೇಂದ್ರ ತೆರೆದು, ಅದಕ್ಕೆ ‘ಮಕ್ಕಳ ಮನೆ’ ಎಂಬ ಅರ್ಥದ ಹೆಸರಿಟ್ಟಿತು. ಬೆಂಗಳೂರಿನಲ್ಲಿ ಸ್ತ್ರೀರೋಗ ತಜ್ಞೆಯರಾದ ಶೈಬ್ಯಾ ಸಲ್ಡಾನ್ಹಾ ಮತ್ತು ಸಂಗೀತಾ ಸಕ್ಸೇನಾ 2001ರಲ್ಲಿ ಕಟ್ಟಿದ ಎನ್‌ಫೋಲ್ಡ್ ಸಂಸ್ಥೆ, 2011ರಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿ ಇಂಥದೇ ಪ್ರಯೋಗಕ್ಕೆ ಕೈಹಾಕಿತು. ಚಿಕಿತ್ಸೆ, ಸಮಾಲೋಚನೆ, ಕಾನೂನಿನ ನೆರವು ಒಂದೇ ಕಡೆ ಸಿಗಬೇಕೆಂಬುದು ಅದರ ಆಶಯ.

ಇಂಥ ಕೇಂದ್ರಗಳ ಕಸುಬು ಇರುವುದು ಮಾತಾಡಿಸುವುದರಲ್ಲಿ. ಕುಳ್ಳ ಕುರ್ಚಿ, ಬಣ್ಣದ ಪೆನ್ಸಿಲ್ಲು, ಒಂದೆರಡು ಗೊಂಬೆ. ಮಗುವಿನ ಎದುರು ಒಬ್ಬರೇ ಕೂರುತ್ತಾರೆ. ಮೊದಲು ಶಾಲೆ, ಗೆಳತಿ, ಮನೆಯ ನಾಯಿಮರಿಯ ಸುದ್ದಿ. ‘ಮಾಮ ಮುಟ್ಟಿದರಾ?’ ಎಂದು ಕೇಳುವಂತಿಲ್ಲ, ಉತ್ತರವನ್ನು ಬಾಯಿಗೆ ತುರುಕಿದಂತಾಗುತ್ತದೆ. ‘ಆಮೇಲೆ ಏನಾಯ್ತು?’ ಎಂದಷ್ಟೇ ಕೇಳಿ ಕಾಯಬೇಕು. ಮೌನವಾದರೆ ಮೌನಕ್ಕೂ ಕಾಯಬೇಕು. ಎಷ್ಟೋ ಮಕ್ಕಳಿಗೆ ಹೇಳಲು ಪದವೇ ಇರುವುದಿಲ್ಲ. ಕಣ್ಣು, ಮೂಗು, ಕಿವಿ ಎಲ್ಲಕ್ಕೂ ಹೆಸರು ಕಲಿಸುವ ನಾವು ಒಂದೆರಡು ಅಂಗಗಳಿಗೆ ಮಾತ್ರ ‘ಶೇಮ್ ಶೇಮ್’ ಎಂದು ಸುಮ್ಮನಾಗಿಬಿಡುತ್ತೇವೆ. ನಾಚಿಕೆಯನ್ನೇ ಹೆಸರಾಗಿಸಿಕೊಂಡ ಜಾಗದ ಬಗ್ಗೆ ಮಗು ದೂರು ಕೊಡುವುದಾದರೂ ಹೇಗೆ?

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆ ಈ ತಿಳಿವಳಿಕೆಯನ್ನು ಕಾನೂನಿಗೆ ತಂದಿತು. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಬಾರದು, ಕೋರ್ಟಿನಲ್ಲಿ ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಬಾಯಿಂದಲೇ ಬರಬೇಕು, ಮತ್ತೆ ಮತ್ತೆ ಕರೆಸಬಾರದು. ಕೇಸು ಮುಗಿಯುವವರೆಗೆ ಮಗುವಿನ ಜೊತೆ ನಿಲ್ಲುವ ‘ಬೆಂಬಲ ವ್ಯಕ್ತಿ’ಯ ನೇಮಕಕ್ಕೂ ನಿಯಮಗಳಲ್ಲಿ ಜಾಗವಿದೆ. ಈ ನೆರವು ಐಚ್ಛಿಕವಾಗಿ ಉಳಿಯಬಾರದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸೇಲಂ, ಧರ್ಮಪುರಿಯ ಕನ್ನಡ ಮನೆಗಳ ಮಟ್ಟಿಗೆ ಇನ್ನೊಂದು ಮಾತಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಆಡುವ ಮಗು ನೋವನ್ನು ಯಾವ ಭಾಷೆಯಲ್ಲಿ ಹೇಳೀತು? ಅಮ್ಮನ ಜೊತೆ ಆಡುವ ಮಾತಿನಲ್ಲೇ ಅಲ್ಲವೇ? ಪೊಲೀಸರೂ ಮ್ಯಾಜಿಸ್ಟ್ರೇಟರೂ ಹೇಳಿಕೆ ಬರೆದುಕೊಳ್ಳುವಾಗ ಭಾಷಾಂತರಕಾರರ ನೆರವು ಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ. ಗಡಿನಾಡಿನ ಪೋಷಕರು ಅದನ್ನು ಕೇಳಿ ಪಡೆಯಬೇಕು.

ಕೇಂದ್ರ ಎಷ್ಟೇ ಚೆನ್ನಾಗಿದ್ದರೂ ಮಗು ಮೊದಲು ಬಾಯಿಬಿಡುವುದು ಅಮ್ಮನ ಹತ್ತಿರವೋ ಅಜ್ಜಿಯ ಹತ್ತಿರವೋ. ಆಗ ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ಎಂದು ಗದರಬೇಡಿ. ‘ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ’ ಎನ್ನಿ. ಕೆದಕಿ ಕೆದಕಿ ಕೇಳದೆ 1098ಕ್ಕೆ ಕರೆ ಮಾಡಿ. ಗೊತ್ತಿದ್ದೂ ತಿಳಿಸದಿರುವುದು ಪೋಕ್ಸೊ ಪ್ರಕಾರ ಅಪರಾಧ.