ಕರುವಿಗೆ ಕಾಯುವುದಿಲ್ಲ, ಮಗುವಿಗೇಕೆ ಕಾಯಬೇಕು?

ಹಸು ಈದು ಎರಡು ಗಂಟೆಯಾದರೂ ಕರು ಎದ್ದು ನಿಲ್ಲದಿದ್ದರೆ ನಾವೇನು ಮಾಡುತ್ತೇವೆ? ಗೋಣಿತಾಟಿನಲ್ಲಿ ಮೈ ಒರೆಸುತ್ತೇವೆ, ಗಿಣ್ಣು ಹಾಲು ಕುಡಿಸಿ ನೋಡುತ್ತೇವೆ. ಆಗಲೂ ಏಳದಿದ್ದರೆ ಸರಿರಾತ್ರಿಯಾದರೂ ಡಾಕ್ಟರಿಗೆ ಫೋನ್ ಮಾಡುತ್ತೇವೆ. 'ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡು' ಎಂದು ಯಾರೂ ಕೈಕಟ್ಟಿ ಕೂರುವುದಿಲ್ಲ.

ನನ್ನ ಮಗಳ ವಿಷಯದಲ್ಲಿ ಮಾತ್ರ ನಾನು ಎರಡು ವರ್ಷ ಕೈಕಟ್ಟಿ ಕೂತೆ.

ಹುಟ್ಟಿದಾಗ ಅವಳು ತಕ್ಷಣ ಅಳಲಿಲ್ಲ. ಆರು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ವರ್ಷವಾದರೂ ಕೂರಲಿಲ್ಲ, ಎತ್ತಿಕೊಂಡರೆ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತಿದ್ದವು. 'ನಿನ್ನ ಗಂಡನೂ ತಡವಾಗಿಯೇ ನಡೆದದ್ದು' ಎಂದು ಅತ್ತೆ ಸಮಾಧಾನ ಹೇಳಿದರು. ಹರಕೆ ಹೊತ್ತೆವು, ತಾಯಿತ ಕಟ್ಟಿಸಿದೆವು, ಊರೂರು ತಿರುಗಿ ಎಣ್ಣೆ ತಂದು ತಿಕ್ಕಿದೆವು. ಬೆಳಗಿನ ಹಾಲು ಕರೆಯುವ ಹೊತ್ತಿಗೆ ಅವಳನ್ನು ನೋಡಿಕೊಳ್ಳಲು ಯಾರೂ ಇರದೆ ಹಳೇ ಸೀರೆಯಲ್ಲಿ ಅವಳ ಸೊಂಟವನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ಒಂದು ಕಣ್ಣು ಕೆಚ್ಚಲ ಮೇಲೆ, ಇನ್ನೊಂದು ಕಣ್ಣು ಅವಳ ಮೇಲೆ ಇಟ್ಟು ಕೆಲಸ ಮಾಡಿದ್ದೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ನಮ್ಮಲ್ಲಿ ಹೀಗೆ ಮಾಡಿದವಳು ನಾನೊಬ್ಬಳೇ ಅಲ್ಲ ಎಂಬುದು ಈಗ ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ಕೊನೆಗೆ ದಾರಿ ತೋರಿಸಿದವರು ನಮ್ಮ ಅಂಗನವಾಡಿ ಟೀಚರ್. ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ 'ಸೆರೆಬ್ರಲ್ ಪಾಲ್ಸಿ' ಎಂದರು. ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಹೊಸದರಲ್ಲಿ ಮಿದುಳಿಗೆ ಪೆಟ್ಟಾದರೆ ಕೈಕಾಲುಗಳ ಹಿಡಿತ ತಪ್ಪುವ ಸ್ಥಿತಿ ಇದು. ಇದು ಅಂಟುರೋಗವಲ್ಲ, ಶಾಪವಲ್ಲ, ಯಾರ ಪಾಪದ ಫಲವೂ ಅಲ್ಲ. ಪೂರ್ತಿ ಗುಣವಾಗುವುದಿಲ್ಲ ಎಂದೂ ಹೇಳಿದರು. ಆ ಮಾತು ಕೇಳಿ ನಾನು ಅತ್ತೆ. ಅದರ ಹಿಂದೆಯೇ ವ್ಯಾಯಾಮ ಹೇಳಿಕೊಡುವ ತಂಗಿಯೊಬ್ಬಳು ಇನ್ನೊಂದು ಮಾತು ಹೇಳಿದಳು: 'ಅಕ್ಕಾ, ಗುಣ ಆಗಲ್ಲ ಅಂದ್ರೆ ಏನೂ ಆಗಲ್ಲ ಅಂತಲ್ಲ. ಕೂರೋದು, ಉಣ್ಣೋದು, ಮಾತು, ಶಾಲೆ ಎಲ್ಲಾ ಆಗಬಹುದು. ಆದ್ರೆ ಬೇಗ ಬರಬೇಕಿತ್ತು.'

ಆ 'ಬೇಗ' ಎಂಬ ಮಾತಿಗಾಗಿಯೇ ಈ ಲೇಖನ.

ಯಾವಾಗ ಎಚ್ಚರವಾಗಬೇಕು?

ಎಲ್ಲ ಮಕ್ಕಳೂ ಒಂದೇ ದಿನ ನಡೆಯುವುದಿಲ್ಲ, ನಿಜ. ಆದರೂ ಕೆಲವು ಗುರುತುಗಳಿವೆ. ನಾಲ್ಕೈದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ಹತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಹಿಂದಿನಿಂದ ಲೋಟ ಬಡಿದರೂ ತಿರುಗಿ ನೋಡದಿದ್ದರೆ, ಹೆಸರು ಕರೆದರೆ ಗಮನ ಕೊಡದಿದ್ದರೆ, ಒಂದೂವರೆ ವರ್ಷವಾದರೂ ಒಂದು ಪದವೂ ಬರದಿದ್ದರೆ, ಬಂದಿದ್ದ ಮಾತು ನಿಂತುಹೋದರೆ, ಮೈ ತೀರಾ ಬಿಗಿ ಅಥವಾ ತೀರಾ ಸಡಿಲ ಎನಿಸಿದರೆ, ಪದೇ ಪದೇ ಫಿಟ್ಸ್ ಬಂದರೆ ಕಾಯಬೇಡಿ. ತೋರಿಸಿದ ಮೇಲೆ 'ಏನೂ ಇಲ್ಲ' ಎಂದರೆ ನೆಮ್ಮದಿಯಿಂದ ಮನೆಗೆ ಬನ್ನಿ. ಅದರಿಂದ ನಷ್ಟವೇನಿಲ್ಲ.

ಇದಕ್ಕಾಗಿಯೇ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುವ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ತಂಡ ಬರುವ ದಿನ ಯಾವುದೆಂದು ಟೀಚರನ್ನು ಕೇಳಿಟ್ಟುಕೊಳ್ಳಿ. ಆ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ತೊಂದರೆ ಕಂಡುಬಂದವರನ್ನು ಜಿಲ್ಲಾ ಆಸ್ಪತ್ರೆಗೆ, ಅಲ್ಲಿನ ಆರಂಭಿಕ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ. ಹುಟ್ಟಿನಿಂದ ಬಂದ ಸೊಟ್ಟ ಪಾದ, ಸೀಳುತುಟಿಗಳಿಗೂ ಈ ದಾರಿಯಲ್ಲಿ ಉಚಿತ ಚಿಕಿತ್ಸೆ ಇದೆ. ಸೊಟ್ಟ ಪಾದವನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ತೋರಿಸಿದರೆ ವಾರವಾರ ಪಟ್ಟಿ ಹಾಕಿ ನೇರ ಮಾಡುತ್ತಾರೆ.

ಕಿವಿ, ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿಯ ಶಿಶುಶಾಲೆಯಲ್ಲಿ ಮಗುವಿನ ಜೊತೆ ತಾಯಿಗೂ ಪಾಠ. ಮಗುವಿಗೆ ಮಾತು ಕಲಿಸುವುದು ಹೇಗೆಂದು ತಾಯಿ ಕಲಿತು ಬಂದರೆ ಮನೆಯೇ ಶಾಲೆಯಾಗುತ್ತದೆ. ಕಿವಿ ಕೇಳದ ಮಗುವಿಗೂ ಮೊದಲ ಕೆಲವು ವರ್ಷಗಳೇ ಬಂಗಾರ.

ಮೊದಲು ಕೇಳಬೇಕಾದ ವ್ಯಕ್ತಿ

ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಅಥವಾ ಕಾರ್ಯಕರ್ತೆ ಇರುತ್ತಾರೆ. 'ವಿ.ಆರ್.ಡಬ್ಲ್ಯು.' ಎಂದು ಕೇಳಿದರೆ ಪಂಚಾಯಿತಿಯಲ್ಲಿ ತೋರಿಸುತ್ತಾರೆ. ಅವರ ಮೇಲೆ ತಾಲ್ಲೂಕಿಗೆ ಒಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಜಿಲ್ಲೆಗೆ ಅಂಗವಿಕಲರ ಕಲ್ಯಾಣಾಧಿಕಾರಿ ಇದ್ದಾರೆ. ನನಗೆ ಇವರ ವಿಷಯ ತಿಳಿದದ್ದು ಮಗಳಿಗೆ ಐದು ವರ್ಷವಾದಾಗ. ನಮ್ಮ ಮನೆಯಿಂದ ಪಂಚಾಯಿತಿ ಕಚೇರಿಗೆ ಇರುವುದು ಡೈರಿಗೆ ಹೋಗುವಷ್ಟೇ ದೂರ!

ಪಂಚಾಯಿತಿಯು ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗೆಂದು ಮೀಸಲಿಡಬೇಕು. ಗ್ರಾಮಸಭೆಯಲ್ಲಿ ಎದ್ದುನಿಂತು 'ಈ ವರ್ಷ ಆ ಹಣ ಯಾವುದಕ್ಕೆ ಖರ್ಚಾಯಿತು?' ಎಂದು ಕೇಳುವ ಹಕ್ಕು ನಮಗಿದೆ. ಒಬ್ಬಳೇ ಕೇಳಲು ಹಿಂಜರಿಕೆಯಾದರೆ ಸಂಘದ ನಾಲ್ಕು ಜನ ಒಟ್ಟಿಗೆ ಹೋಗಿ.

ಕಾರ್ಡೇ ಬೀಗದಕೈ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ. ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಆಟಿಸಂ, ಕಲಿಕೆಯ ತೊಂದರೆ, ಕುಸುಮರೋಗ, ತಲಸ್ಸೇಮಿಯಾ, ಸಿಕಲ್ ಸೆಲ್ ಎಲ್ಲವೂ ಅದರಲ್ಲಿವೆ. ಹೆಚ್ಚಿನ ಸೌಲಭ್ಯಗಳಿಗೆ ವೈದ್ಯರ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಆ ಪ್ರಮಾಣಪತ್ರದ ಜೊತೆ ಸಿಗುವ ವಿಶಿಷ್ಟ ಗುರುತಿನ ಚೀಟಿಯೇ ಯು.ಡಿ.ಐ.ಡಿ. ಕಾರ್ಡ್. ಇದು ದೇಶದ ಎಲ್ಲ ಕಡೆ ನಡೆಯುತ್ತದೆ.

ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಹಾಕಬೇಕು. ವಿ.ಆರ್.ಡಬ್ಲ್ಯು. ಹಾಕಿಕೊಡುತ್ತಾರೆ. ಮಗುವಿನ ಆಧಾರ್, ಫೋಟೊ, ವಿಳಾಸದ ದಾಖಲೆ, ಇರುವ ಆಸ್ಪತ್ರೆ ಚೀಟಿಗಳೆಲ್ಲವನ್ನೂ ಒಂದೇ ಕವರಿನಲ್ಲಿಟ್ಟುಕೊಳ್ಳಿ. ತಪಾಸಣೆ ಯಾವ ವಾರ, ಯಾವ ಹೊತ್ತು ಎಂದು ಮೊದಲೇ ಫೋನಿನಲ್ಲಿ ಕೇಳಿ ಹೋಗಿ. ನಾನು ಕೇಳದೆ ಹೋಗಿ ಎರಡು ಸಲ ಬರಿಗೈಯಲ್ಲಿ ಬಂದೆ. ಎರಡು ದಿನದ ಸಂಜೆ ಹಾಲು ತಪ್ಪಿತು, ಹಸು ಕೆಚ್ಚಲು ಬಿಗಿದುಕೊಂಡು ಕೂಗುತ್ತಿತ್ತು.

ಕಾರ್ಡ್ ಬಂದ ಮೇಲೆ ಒಂದೊಂದೇ ಬಾಗಿಲು ತೆರೆಯುತ್ತದೆ.

ಮಾಸಾಶನ: ನಾಡಕಚೇರಿಯಲ್ಲಿ ಅರ್ಜಿ. ಅಂಗವೈಕಲ್ಯದ ಪ್ರಮಾಣ ನೋಡಿ ಮೊತ್ತ ನಿಗದಿಯಾಗುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿಕೊಳ್ಳಿ.

ಸಾಧನಗಳು: ಗಾಲಿಕುರ್ಚಿ, ಕ್ಯಾಲಿಪರ್, ಶ್ರವಣಯಂತ್ರಗಳು ಕೇಂದ್ರದ ಎ.ಡಿ.ಐ.ಪಿ. ಯೋಜನೆಯಲ್ಲಿ ಸಿಗುತ್ತವೆ. ಶಿಬಿರ ನಡೆಯುವಾಗ ಅಳತೆ ತೆಗೆದುಕೊಳ್ಳುತ್ತಾರೆ. ಅಳತೆಗೆ ಮಗುವನ್ನೇ ಕರೆದುಕೊಂಡು ಹೋಗಿ. ಅಂದಾಜಿನಲ್ಲಿ ತಂದ ಕುರ್ಚಿ ಮೂಲೆ ಸೇರುತ್ತದೆ.

ಆರೋಗ್ಯ ವಿಮೆ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಯೋಜನೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಆಸ್ಪತ್ರೆಗೆ ಸೇರದೆ ಮಾಡಿಸುವ ಥೆರಪಿಯ ಖರ್ಚೂ ಇದರಲ್ಲಿ ಸೇರಿದೆ ಎಂಬುದು ನಮ್ಮಂಥವರಿಗೆ ದೊಡ್ಡ ಮಾತು. ಹಾಲು ಉತ್ಪಾದಕರಾದ ನಮಗೆ ಸಹಕಾರಿಗಳ ಯಶಸ್ವಿನಿ ಯೋಜನೆಯೂ ಇದೆ. ನೋಂದಣಿ ಮಾಡಿಸುವಾಗ ಈ ಮಗುವಿನ ಹೆಸರನ್ನು ಬಿಟ್ಟುಬಿಡಬೇಡಿ.

ಬಸ್ಸು: ನಮಗೂ ಹೆಣ್ಣುಮಕ್ಕಳಿಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ. ಗಂಡುಮಗುವಾದರೆ ಅಂಗವಿಕಲರ ರಿಯಾಯಿತಿ ಪಾಸ್ ಮಾಡಿಸಿ. ಊರಿನಿಂದ 100 ಕಿ.ಮೀ. ವರೆಗೆ ನಡೆಯುತ್ತದೆ.

'ನಿಮ್ಮ ಮಗುವಿಗೆ ಇಲ್ಲಿ ಆಗಲ್ಲ' ಎಂದರೆ

ಮಗಳನ್ನು ಶಾಲೆಗೆ ಸೇರಿಸಲು ಹೋದಾಗ ಒಂದು ಕಡೆ ಹೀಗೇ ಹೇಳಿದರು. ನಾನು ತಲೆ ತಗ್ಗಿಸಿ ವಾಪಸ್ ಬಂದೆ. ಹಾಗೆ ಬರಬೇಕಿರಲಿಲ್ಲ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ ಅಥವಾ ಬೇಕೆಂದರೆ ವಿಶೇಷ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ. ತಾಲ್ಲೂಕಿನ ಬಿ.ಆರ್.ಸಿ. ಕಚೇರಿಯಲ್ಲಿ ಇಂಥ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಶಾಲೆಗೆ ಬರಲಾಗದಷ್ಟು ತೊಂದರೆ ಇರುವ ಮಗುವಿಗೆ ಮನೆಗೇ ಬಂದು ಪಾಠ ಹೇಳುವ ವ್ಯವಸ್ಥೆಯೂ ಇದೆ. ನನ್ನ ಮಗಳು ಈಗ ಐದನೇ ತರಗತಿ. ಬರೆಯಲು ಕಷ್ಟ, ಬಾಯಿಲೆಕ್ಕದಲ್ಲಿ ಮಾತ್ರ ನನ್ನನ್ನು ಸೋಲಿಸುತ್ತಾಳೆ. ಹದಿನೈದು ದಿನದ ಹಾಲಿನ ಬಿಲ್ಲು ಕೂಡಿಸಿ, ಹಿಂಡಿ ಬೂಸಾದ ಹಣ ಕಳೆದು, ಕೈಗೆ ಬರುವುದೆಷ್ಟು ಎಂದು ಹೇಳುವವಳು ನಮ್ಮ ಮನೆಯಲ್ಲಿ ಅವಳೇ.

ಮನೆಯಲ್ಲಿ ಮಾಡಬಹುದಾದದ್ದು

ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಮಾಡಿಸುವ ವ್ಯಾಯಾಮಕ್ಕಿಂತ ದಿನಾ ಮನೆಯಲ್ಲಿ ಮಾಡುವ ವ್ಯಾಯಾಮ ಮುಖ್ಯ. ಬಿಗಿದ ಕೈಕಾಲನ್ನು ಹೇಳಿಕೊಟ್ಟ ರೀತಿಯಲ್ಲಿ ನಿಧಾನವಾಗಿ ಚಾಚಿಸದೆ ಬಿಟ್ಟರೆ ಸ್ನಾಯುಗಳು ಮೊಟಕಾಗಿ ಮತ್ತೆ ಬಿಡಿಸುವುದು ಕಷ್ಟ. ಬಲವಂತವಾಗಿ ಎಳೆಯಬೇಡಿ, ಎಣ್ಣೆ ತಿಕ್ಕಿ ತಿರುಚಬೇಡಿ.

ಮಲಗಿಸಿ ಊಟ ಮಾಡಿಸಬೇಡಿ. ಅನ್ನ ಶ್ವಾಸಕೋಶಕ್ಕೆ ಹೋಗುತ್ತದೆ. ಬೆನ್ನು ನೇರ ಮಾಡಿ ಕೂರಿಸಿ, ಚಿಕ್ಕ ತುತ್ತು ಕೊಡಿ. ಕೂರಲಾಗದ ಮಗುವಿಗೆ ಎರಡು ಗೋಡೆ ಸೇರುವ ಮೂಲೆಯಂಥ ಕುರ್ಚಿಯನ್ನು ಊರಿನ ಬಡಗಿಯಿಂದಲೇ ಮಾಡಿಸಬಹುದು. ಅಳತೆಯನ್ನು ಥೆರಪಿ ಹೇಳುವವರಿಂದ ಬರೆಸಿಕೊಂಡು ಬನ್ನಿ. ನನ್ನ ಮಗಳನ್ನು ಕಂಬದಿಂದ ಬಿಡಿಸಿದ್ದು ಅಂಥದ್ದೇ ಒಂದು ಕುರ್ಚಿ. ಕೊಟ್ಟಿಗೆಯ ಬಾಗಿಲಲ್ಲಿ ಅದರಲ್ಲಿ ಕೂತು, ಯಾವ ಹಸು ಮೇವು ಬಿಟ್ಟಿದೆ ಎಂದು ನನಗೆ ಹೇಳುತ್ತಿದ್ದಳು.

ಫಿಟ್ಸ್ ಬಂದಾಗ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಬೇಡ. ಕೈಗೆ ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲುವುದಿಲ್ಲ. ಐದು ನಿಮಿಷಕ್ಕೂ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಕಡಿಮೆಯಾಯಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ತಾಯಿಯ ಪಾಲು

ಇಂಥ ಮಗು ಹುಟ್ಟಿದರೆ ಮೊದಲ ಬೆರಳು ತಾಯಿಯ ಕಡೆಗೇ. 'ಗ್ರಹಣದಲ್ಲಿ ಹೊರಗೆ ಹೋದಳು', 'ಇವಳ ಕಾಲ್ಗುಣ' ಎಂಬ ಮಾತುಗಳನ್ನು ನಾನೂ ಕೇಳಿದ್ದೇನೆ. ಎಷ್ಟೋ ಸಲ ಕಾರಣವೇ ಗೊತ್ತಾಗುವುದಿಲ್ಲ. ಸೋದರ ಸಂಬಂಧದ ಮದುವೆಯಲ್ಲಿ ಕೆಲವು ತೊಂದರೆಗಳ ಸಾಧ್ಯತೆ ಹೆಚ್ಚು ಎಂಬುದು ನಿಜ. ಆದರೆ ಆ ಮದುವೆಯನ್ನು ನಿಶ್ಚಯಿಸಿದವರು ಹಿರಿಯರೇ ಹೊರತು ಆ ಹುಡುಗಿಯಲ್ಲ. ಮುಂದಿನ ಮಗುವಿನ ಯೋಚನೆ ಇದ್ದರೆ ಮೊದಲೇ ವೈದ್ಯರ ಸಲಹೆ ಪಡೆಯಿರಿ. ನಿದ್ದೆ ಬಾರದೆ, ಬದುಕೇ ಬೇಡ ಎನಿಸುವ ರಾತ್ರಿಗಳಲ್ಲಿ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲಿಯೇ ಮಾತಾಡಬಹುದು.

'ನಾನು ಹೋದ ಮೇಲೆ ಇವಳಿಗೆ ಯಾರು?' ಎಂಬ ಪ್ರಶ್ನೆ ಪ್ರತಿ ತಾಯಿಯ ಎದೆಯಲ್ಲಿದೆ. ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಒಂದು ಹೆಜ್ಜೆ ಮಾತ್ರ ಗೊತ್ತು. ನಿರಾಮಯಕ್ಕೆ ಹೇಳಿದ ಆ ನಾಲ್ಕು ಬಗೆಯ ಮಕ್ಕಳಿಗೆ 18 ವರ್ಷ ತುಂಬಿದ ಮೇಲೆ ಅಗತ್ಯವಿದ್ದರೆ ಕಾನೂನುಬದ್ಧ ಪೋಷಕರನ್ನು ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಅವಕಾಶವಿದೆ. ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಆಸ್ತಿ, ಖಾತೆಗಳ ವಿಷಯವನ್ನು ನಾವು ಗಟ್ಟಿಯಾಗಿರುವಾಗಲೇ ಮಾತಾಡಿ ಮುಗಿಸುವುದು ಒಳ್ಳೆಯದು.

ನಮ್ಮ ಸಂಘ ಏನು ಮಾಡಬಹುದು?

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಅಂದಮೇಲೆ ನಿಮ್ಮ ಸಂಘದ ಸದಸ್ಯರ ಮನೆಗಳಲ್ಲೂ ಒಂದಿಬ್ಬರಾದರೂ ಇರುತ್ತಾರೆ. ನಮ್ಮ ಸಂಘದಲ್ಲಿ ಮೂವರಿದ್ದೇವೆ. ಒಬ್ಬಳು ಆಸ್ಪತ್ರೆಗೆ ಹೋದ ದಿನ ಉಳಿದಿಬ್ಬರಲ್ಲಿ ಯಾರಾದರೂ ಅವಳ ಹಸು ಕರೆದು ಡೈರಿಗೆ ಹಾಲು ಹಾಕುತ್ತೇವೆ. ಖರ್ಚಿಲ್ಲದ ಈ ಮುಯ್ಯಿಯಿಂದ ಯಾರ ಮಗುವಿನ ತಪಾಸಣೆಯೂ ತಪ್ಪಿಲ್ಲ, ಯಾರ ಬಿಲ್ಲೂ ಕಡಿಮೆಯಾಗಿಲ್ಲ. ಸಂಘದ ಸಭೆಗೆ ಒಂದು ಸಲ ವಿ.ಆರ್.ಡಬ್ಲ್ಯು. ಅವರನ್ನು ಕರೆಸಿ, ಅವರ ನಂಬರನ್ನು ಹಾಲಿನ ದರಪಟ್ಟಿಯ ಪಕ್ಕದಲ್ಲೇ ಅಂಟಿಸಿ. ದಿನಕ್ಕೆರಡು ಸಲ ಎಲ್ಲರ ಕಣ್ಣಿಗೂ ಬೀಳುವ ಜಾಗ ಅದು.

ಕಳೆದ ತಿಂಗಳು ಹಾಲು ಹಾಕುವ ಸಾಲಿನಲ್ಲಿ ನಿಂತಿದ್ದ ಹೊಸ ಸೊಸೆಯೊಬ್ಬಳು ಸಣ್ಣ ದನಿಯಲ್ಲಿ ಕೇಳಿದಳು: 'ಅಕ್ಕಾ, ನನ್ನ ಮಗನಿಗೆ ಹತ್ತು ತಿಂಗಳು. ಇನ್ನೂ ಕತ್ತು ನಿಂತಿಲ್ಲ. ಮನೇಲಿ ಕಾಯೋಣ ಅಂತಾರೆ.' ನಾನು ಕ್ಯಾನು ಕೆಳಗಿಟ್ಟು, ಅಂಗನವಾಡಿ ಟೀಚರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಅವಳ ಹಸುವನ್ನು ನಾನು ಕರೆದೆ, ಅವಳು ಮಗುವನ್ನೆತ್ತಿಕೊಂಡು ಮೊದಲ ಬಸ್ಸು ಹತ್ತಿದಳು.