ಒಸಡು ಊದಿದೆಯೇ? ಹಲ್ಲು ಕೀಳಿಸುವ ಮುಂಚೆ ರಕ್ತ ತೋರಿಸಿ!

ಒಸಡು ಊದಿದರೆ ಈ ಕಡೆ ಮೊದಲು ಉಪ್ಪುನೀರು, ಆಮೇಲೆ ಲವಂಗದೆಣ್ಣೆ. ಅದಕ್ಕೂ ಬಗ್ಗದಿದ್ದರೆ ‘ಹಾಳಾದ್ದು, ಕೀಳಿಸಿಬಿಡು’ ಅನ್ನೋ ಪುಕ್ಕಟೆ ಸಲಹೆ. ಆದರೆ ಅಪರೂಪಕ್ಕೊಮ್ಮೆ ಆ ಊತ ಹಲ್ಲಿನದಲ್ಲ, ರಕ್ತದ ಕ್ಯಾನ್ಸರಿನದು!

ಓದುಗರು ಗಾಬರಿ ಬೀಳಬೇಕಿಲ್ಲ. ಬಹಳ ಮಂದಿಗೆ ಕಾರಣ ಹಲ್ಲಿನ ಬುಡದ ಕೊಳೆ. ಬಸುರಿಯರಿಗೂ ಊದುವುದುಂಟು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಬಿ.ಪಿ.ಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಒಸಡು ಬೆಳೆಯುತ್ತದೆ. ಕ್ಯಾನ್ಸರಿನ ಊತ ಬೇರೆ ಜಾತಿಯದು. ಕೆಲವೇ ವಾರಗಳಲ್ಲಿ ಒಸಡು ದಪ್ಪಗಾಗಿ ಹಲ್ಲನ್ನೇ ಮುಚ್ಚುತ್ತಾ ಬರುತ್ತದೆ. ಮುಟ್ಟಿದರೆ ರಕ್ತ. ಜತೆಗೆ ಬಿಡದ ಜ್ವರ, ಸುಸ್ತು, ಬಿಳಿಚಿದ ಮುಖ, ಪೆಟ್ಟು ಬೀಳದೆಯೇ ಮೈಮೇಲೆ ನೀಲಿ ಕಲೆ.

ಆಗುವುದೇನೆಂದರೆ, ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಮಾನೊಸೈಟ್ ಎಂಬ ಬಿಳಿರಕ್ತಕಣ ಬಲಿಯುವ ಮೊದಲೇ ಲಂಗುಲಗಾಮಿಲ್ಲದೆ ಹೆಚ್ಚುತ್ತದೆ. ರಕ್ತನಾಳ ದಾಟಿ ಬೇರೆ ಅಂಗಕ್ಕೆ ನುಗ್ಗುವುದು ಈ ಕಣದ ಹುಟ್ಟುಗುಣ. ಒಸಡಿಗೆ ನುಗ್ಗಿ ಅಲ್ಲೇ ಠಿಕಾಣಿ ಹೂಡುತ್ತದೆ. ಚರ್ಮದಲ್ಲಿ ಗಂಟಾಗುವುದೂ ಉಂಟು. ಫ್ರಾನ್ಸ್, ಅಮೆರಿಕ, ಬ್ರಿಟನ್ನಿನ ವೈದ್ಯರು ಸೇರಿ 1976ರಲ್ಲಿ ಮಾಡಿದ ವಿಂಗಡಣೆಯಲ್ಲಿ ಎಂ-4, ಎಂ-5 ಎಂದು ಕರೆದದ್ದು ಈ ಬಗೆಗಳನ್ನೇ. ವಿಚಿತ್ರವೆಂದರೆ, ಹಲ್ಲೆಲ್ಲ ಉದುರಿದ ಬೊಚ್ಚುಬಾಯಲ್ಲಿ ಈ ಊತ ಕಾಣುವುದು ಅಪರೂಪ!

ಹೀಗಾಗಿ ರೋಗಿ ಮೊದಲು ಹೋಗುವುದು ಹಲ್ಲು ಡಾಕ್ಟರ ಹತ್ತಿರ. ಗಂಡಾಂತರ ಇರುವುದೇ ಅಲ್ಲಿ. ಡೆಂಗೆ ಹಾವಳಿ ಶುರುವಾದ ಮೇಲೆ ಪ್ಲೇಟ್‌ಲೆಟ್ ಅಂದರೇನೆಂದು ಹಳ್ಳಿ ಅಜ್ಜಿಗೂ ಗೊತ್ತು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರಬೇಕಾದ್ದು ಈ ರೋಗದಲ್ಲಿ ಕೆಲವೇ ಸಾವಿರಕ್ಕೂ ಇಳಿಯಬಹುದು. ಅಂಥ ಬಾಯಲ್ಲಿ ಹಲ್ಲು ಕಿತ್ತರೆ ರಕ್ತ ನಿಲ್ಲೋದು ಕಷ್ಟ. ಸೋಂಕು ತಡೆಯುವ ಒಳ್ಳೆ ಕಣಗಳೂ ಕಮ್ಮಿ ಇರುವುದರಿಂದ ಕಿತ್ತ ಜಾಗದಿಂದ ನಂಜು ಮೈಗೇರಬಹುದು.

ಕೀಳುವ ಮೊದಲು ಒಂದು ಸಿ.ಬಿ.ಸಿ. ರಕ್ತಪರೀಕ್ಷೆ ಮಾಡಿಸಿ, ಗಾಜಿನ ಪಟ್ಟಿಗೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಮಾನ್ಯವಾಗಿ ಸುಳಿವು ಸಿಕ್ಕಿಬಿಡುತ್ತದೆ. ಯಾವ ಲ್ಯಾಬಿನಲ್ಲೂ ಆಗುವ ಕೆಲಸ ಇದು. ಖಚಿತವಾಗಲು ಮಜ್ಜೆ ಪರೀಕ್ಷೆ ಬೇಕು, ಅದಕ್ಕೆ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆ. ‘ಹಬ್ಬ ಕಳೀಲಿ, ಹೋದ್ರಾಯ್ತು’ ಅನ್ನುವ ಕಾಯಿಲೆಯಲ್ಲ ಇದು. ದಿನಗಳ ಲೆಕ್ಕದಲ್ಲಿ ಚಿಕಿತ್ಸೆ ಶುರುವಾಗಬೇಕು. ಕೀಮೋ ಹಿಡಿದರೆ ಒಸಡು ತಾನಾಗಿಯೇ ಇಳಿಯುತ್ತದೆ, ಒಂದು ಹಲ್ಲನ್ನೂ ಕೀಳದೆ.