ಕೋವಿಯ ತುದಿಗೆ ಕೈ ಹಾಕುವ ಮುನ್ನ

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸಿನ ಕೋವಿ ಇದೆ. ಕಾಫಿಯ ಕಸಿ, ಅಡಿಕೆಯ ಬೋರ್ಡೋ ಎಂದು ವರ್ಷವಿಡೀ ಬರೆಯುವ ನಾವು ಕೋವಿಯ ಆರೈಕೆಯ ಬಗ್ಗೆ ಬರೆದದ್ದು ಕಡಿಮೆ. ಈ ಸಲ ಬರೆಯಲು ಒಂದು ಕಾರಣವಿದೆ.

ಮಾರಮ್ಮನ ಜಾತ್ರೆಗೆಂದು ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರಕ್ಕೆ, ಬೀಗರ ಮನೆಗೆ ಹೋಗಿದ್ದೆವು. ಅವರದು ಶೇಂಗಾ ಹೊಲ. ಕಾಯಿ ಕಟ್ಟುವ ಹೊತ್ತಿಗೆ ಹಂದಿಗಳ ಹಾವಳಿ. ಊಟವಾದ ಮೇಲೆ ಬೀಗರು ತಮ್ಮ ಒಂಟಿ ನಳಿಗೆಯ ಹನ್ನೆರಡು ಬೋರಿನ ಕೋವಿ ತಂದು ತೋರಿಸಿದರು. ತುದಿಯ ಗುರಿಮಣಿ ಬಿದ್ದುಹೋಗಿ, ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಸ್ಕ್ರೂ ಕೂರಿಸಿಕೊಂಡಿದ್ದರು. "ಏನ್ ಮಾಡಾದು ಬೀಗ್ರೆ, ಪ್ಯಾಟಿಗೆ ಹೋಗಕ್ಕೆ ಪುರುಸೊತ್ತಿಲ್ಲ" ಎಂದರು.

ತೋಟೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೋವಿ ಮುರಿದು ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿದೆವು. ಸ್ಕ್ರೂವಿನ ಮೊನೆ ಒಳಗೆ ಇಣುಕುತ್ತಿತ್ತು! ಚಿಲ್ಲುಗಳು ಹೊರಡುವ ದಾರಿಯಲ್ಲಿ ಅಂಥ ತಡೆ ಇದ್ದರೆ ನಳಿಗೆಯ ಬಾಯಿ ಉಬ್ಬಬಹುದು, ಸೀಳಬಹುದು. ಪುಣ್ಯಕ್ಕೆ ಅವರು ಇನ್ನೂ ಹಾರಿಸಿರಲಿಲ್ಲ.

ಗುರಿಮಣಿ ಸಣ್ಣ ವಸ್ತು, ಆದರೆ ಲೆಕ್ಕ ಸೂಕ್ಷ್ಮ. ರೈಫಲಿನಲ್ಲಿ ಇದು ಇನ್ನೂ ಸ್ಪಷ್ಟ. ಹಿಂದಿನ ಮತ್ತು ಮುಂದಿನ ಗುರಿಗಳ ನಡುವೆ 60 ಸೆಂಟಿಮೀಟರ್ ಅಂತರವಿದ್ದು, 50 ಮೀಟರಿನಲ್ಲಿ ಗುಂಡು 10 ಸೆಂಟಿಮೀಟರ್ ಬಲಕ್ಕೆ ಬೀಳುತ್ತಿದ್ದರೆ, ಮುಂದಿನ ಗುರಿಯನ್ನು ಬಲಕ್ಕೇ ಸರಿಸಬೇಕಾದದ್ದು ಕೇವಲ 1.2 ಮಿಲಿಮೀಟರ್. ಗುಂಡು ಕೆಳಗೆ ಬೀಳುತ್ತಿದ್ದರೆ ಮುಂದಿನ ಗುರಿ ತಗ್ಗಬೇಕು, ಮೇಲೆ ಬೀಳುತ್ತಿದ್ದರೆ ಎತ್ತರವಾಗಬೇಕು. ಹಳೆಯ ಲೀ-ಎನ್‌ಫೀಲ್ಡ್ ರೈಫಲುಗಳಿಗೆ ಬೇರೆ ಬೇರೆ ಎತ್ತರದ ಮುಂದಿನ ಗುರಿಗಳನ್ನು ತಯಾರಿಸುತ್ತಿದ್ದುದು ಇದಕ್ಕಾಗಿಯೇ. ಕಣ್ಣಂದಾಜಿನಲ್ಲಿ ಸುತ್ತಿಗೆ ಹೊಡೆದು ಸರಿಮಾಡುವ ಕೆಲಸ ಇದಲ್ಲ. ವೆಲ್ಡಿಂಗಿನ ಕಾವು ತೆಳು ನಳಿಗೆಯನ್ನು ಸೊಟ್ಟ ಮಾಡಲೂ ಸಾಕು.

ಬೀಗರ ಮಗ ಮೊಬೈಲಿನಲ್ಲಿ ಇನ್ನೊಂದು ಪದಾರ್ಥ ತೋರಿಸಿದ. ನಳಿಗೆಯ ಬಾಯಿಗೆ ತಿರುಪಿ ಹಾಕುವ ಕೊಳವೆ. "ಸದ್ದು ಕಮ್ಮಿ ಆಗ್ತದಂತೆ ಮಾವ, ತರಿಸಲಾ?" ಎಂದ. ಬೇಡವೇ ಬೇಡ ಎಂದೆವು. 1959ರ ಆಯುಧ ಕಾಯ್ದೆಯ 2ನೇ ಕಲಮಿನ ಪ್ರಕಾರ, ಕೋವಿಯ ಸದ್ದನ್ನಾಗಲಿ ಬೆಂಕಿಯ ಹೊಳಪನ್ನಾಗಲಿ ತಗ್ಗಿಸುವ ಸಾಧನವೂ ಬಂದೂಕೆಂದೇ ಪರಿಗಣಿತ. ನಮ್ಮ ಲೈಸೆನ್ಸ್ ಅದರಲ್ಲಿ ನಮೂದಾದ ಕೋವಿಗೆ ಮಾತ್ರ. ಕೊಳವೆ ಬೀರುವಿನಲ್ಲಿ ಸುಮ್ಮನೆ ಬಿದ್ದಿದ್ದರೂ ಅದು ಲೈಸೆನ್ಸಿಲ್ಲದ ಬಂದೂಕಾಗುತ್ತದೆ. ತಿರುಪು ಒಂದಿಷ್ಟು ಓರೆಯಾದರೂ ಗುಂಡು ಕೊಳವೆಗೇ ತಗಲುವ ಅಪಾಯ ಬೇರೆ.

ಹಾಗೆಯೇ ನಳಿಗೆಯ ತುದಿ ಜಜ್ಜಿದೆ ಎಂದು ಕತ್ತರಿಸಿ ಗಿಡ್ಡ ಮಾಡುವುದು 6ನೇ ಕಲಮಿನಡಿ ಅಪರಾಧ. ಲೈಸೆನ್ಸಿಲ್ಲದವರು ವೃತ್ತಿಯಾಗಿ ಕೋವಿ ರಿಪೇರಿ ಮಾಡುವುದು 5ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿಯ ನಂತರ ಇವಕ್ಕೆ ಕನಿಷ್ಠ 7 ವರ್ಷದ ಸೆರೆವಾಸ, ಜೀವಾವಧಿಯವರೆಗೂ ಹೋಗಬಹುದು. ಅಲ್ಲದೆ ತುದಿ ಕತ್ತರಿಸಿದರೆ ಚಿಲ್ಲುಗಳನ್ನು ಒಟ್ಟಾಗಿಡುವ 'ಚೋಕ್' ಎಂಬ ಕಿರಿದಾದ ಭಾಗವೇ ಹೋಗುತ್ತದೆ. ಹನ್ನೆರಡು ಬೋರಿನ ಪೂರ್ಣ ಚೋಕ್ ಎಂದರೆ ಸುಮಾರು 1 ಮಿಲಿಮೀಟರಿನಷ್ಟು ಇಕ್ಕಟ್ಟು, ಅಷ್ಟೇ. ಕೋವಿಯ ಗುಣ ಇರುವುದು ಅಲ್ಲಿ.

ಕೊಡಗಿನ ಓದುಗರಿಗೂ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ. ಅದನ್ನು ಸದ್ದಡಗಿಸುವ ಕೊಳವೆಗೆ ಸಿಕ್ಕ ಅನುಮತಿ ಎಂದು ಯಾರೂ ಭಾವಿಸಬಾರದು.

ಇನ್ನೊಂದು ಸಂಗತಿಯನ್ನೂ ಬೀಗರಿಗೆ ನೆನಪಿಸಿದೆವು. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ರಹದಾರಿಯಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಹಂದಿಗೆ ಗುಂಡಿಕ್ಕಲೂ ಅಧಿಕೃತ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಮೊಳಕಾಲ್ಮೂರಿನ ಗುಡ್ಡಗಳಿಂದ ಇಳಿಯುವ ಕರಡಿಯ ವಿಷಯದಲ್ಲಂತೂ ಕೇಳುವುದೇ ಬೇಡ.

ಮರುದಿನವೇ ಬೀಗರು ಲೈಸೆನ್ಸ್ ಪುಸ್ತಕ ಕೈಯಲ್ಲಿ ಹಿಡಿದು ಅಧಿಕೃತ ರಿಪೇರಿಯವರ ಬಳಿ ಹೊರಟರು, ನಾವೂ ಜೊತೆಗೆ ಹೋದೆವು. ಅವರು ಸ್ಕ್ರೂ ತೆಗೆದು, ನಳಿಗೆಯ ಒಳಮೈ ಅಳೆದು ನೋಡಿ, ಸರಿಯಾದ ಹಿತ್ತಾಳೆ ಮಣಿ ಕೂರಿಸಿಕೊಟ್ಟರು. ಬಸ್ಸಿನಲ್ಲಿ ಹಿಂದಿರುಗುವಾಗ ಬೀಗರು, "ಹಂದಿ ತಿಂದ್ರೆ ಒಂದ್ ವರ್ಷದ ಬೆಳೆ ಹೋಗ್ತಿತ್ತು, ಇದು ಸಿಡಿದಿದ್ರೆ ಕೈಯೇ ಹೋಗ್ತಿತ್ತಲ್ಲ ಬೀಗ್ರೆ" ಎಂದರು.

ಸದಸ್ಯರು ಈ ವಾರವೇ ತಂತಮ್ಮ ಕೋವಿಯನ್ನು ಹೊರತೆಗೆದು, ಖಾಲಿ ಇದೆಯೆಂದು ಎರಡು ಸಲ ನೋಡಿ, ನಳಿಗೆಯ ತುದಿ ಪರೀಕ್ಷಿಸಬೇಕಾಗಿ ವಿನಂತಿ. ಮಣಿ ಅಲ್ಲಾಡುತ್ತಿದ್ದರೆ ಬಲ್ಲವರಲ್ಲಿಗೆ ಒಯ್ಯಿರಿ. ಬಾಯಿಗೆ ಮಾತ್ರ ಏನನ್ನೂ ತೊಡಿಸಬೇಡಿ.